ನಿದ್ದೆ ಹೋದ ಮೂರೂವರೆ ಬೆರಳು

ಇರುವೆ, ಮತ್ತೆ ಇರುವೆ, ಎಡಗೈ ಹೆಬ್ಬೆರಳಿನಿಂದ ಹೊರಟು ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧದವರೆಗೆ ಲಕ್ಷ ಇರುವೆಗಳ ದಂಡು, ಕಿರುಬೆರಳು ಮಾತ್ರ ನೆಂಟರ ಮನೆಗೆ ಬಂದ ಹಾಗೆ ಆರಾಮಾಗಿ ಕೂತಿದೆ — ಕೈ ಕೊಡವಿದಳು, ಕೊಡವಿದ್ದನ್ನು ಕಟಿಂಗ್ ಮಾಸ್ಟರ್ ನೋಡಿಬಿಟ್ಟರೇ, ಇಲ್ಲ, ಅವರ ಕಣ್ಣು ಕತ್ತರಿಯ ಮೇಲಿದೆ, ಅಕ್ಕಾ ಈ ಬಿಳಿ ಕಾಲರ್ ಸಂಜೆಯೊಳಗೆ ಆದ್ರೆ ಕೈಹೊಲಿಗೆ ಟೇಬಲ್ ನಿಮ್ದೇ, ಇಲ್ಲಾಂದ್ರೆ ನಾಳೆಯಿಂದ ಇಸ್ತ್ರಿ ಬಟ್ಟೆ ಮಡಚೋಕೆ ಬನ್ನಿ ಅಂದಿದ್ದರು ಬೆಳಿಗ್ಗೆ, ಮಡಚುವುದಂತೆ, ಇಡೀ ಊರಿಗೆ ಅಂಚು ಹೊಲಿದು ಮಾನ ಕಾಪಾಡಿದವಳು ಅವಳು, ಅವಳ ಹೊಲಿಗೆ ಎಲ್ಲಿದೆ ಎಂದು ಹುಡುಕಲು ಕೂತ ದರ್ಜಿಯೊಬ್ಬ ಹುಡುಕುತ್ತಲೇ ಮುದುಕನಾದ. ಆವತ್ತು ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವಳ ಮಣಿಕಟ್ಟು ಬಗ್ಗಿಸಿ ಹಿಡಿದು ಗಡಿಯಾರ ನೋಡಿದರು, ಜುಮ್ಮೆಂದಿತು, ಏನೂ ಆಗ್ತಿಲ್ಲ ಅಂದಳು, ಸುಳ್ಳು ಹೇಳೋದ್ರಲ್ಲೂ ನಿಮ್ಮ ಕೈ ಪಳಗಿದೆ ಬಿಡಿ ಅಂತ ಅವರು ನಕ್ಕರು, ನೋಡಿಯಮ್ಮಾ, ಇಲ್ಲೊಂದು ಸಣ್ಣ ಸುರಂಗ, ಬೆರಳು ಆಡಿಸೋ ಒಂಬತ್ತು ಹುರಿ, ಒಂದು ನರ, ಎಲ್ಲಾ ಇದರೊಳಗೇ ಹೋಗ್ಬೇಕು, ಹುರಿಗಳ ಸುತ್ತಲಿನ ಪೊರೆ ಊದಿ ದಪ್ಪವಾಗಿ ಗಡುಸಾಗಿದೆ, ನರ ಚಪ್ಪಟೆಯಾಗಿದೆ, ಕುಯ್ದು ಜಾಗ ಮಾಡಿಕೊಡದಿದ್ರೆ — ಒಂದೇ ಮಡಿಕೆಯಲ್ಲಿ ಹತ್ತು ಲಾಡಿ ತೂರಿಸಿದ ಹಾಗೆ ಎಂದುಕೊಂಡಳು, ಹೊಲಿಗೆ ಬಿಚ್ಚಿದರೆ ಸರಿಹೋಗುತ್ತದೆ, ಆದರೆ ತನ್ನದನ್ನು ಇನ್ನೊಬ್ಬರು ಬಿಚ್ಚುವುದೇ, ಅಮ್ಮನೂ ಬಿಚ್ಚಿಸಲಿಲ್ಲ, ಅಮ್ಮನ ಹೆಬ್ಬೆರಳ ಬುಡದ ಮಾಂಸ ಕರಗಿ ಹಳ್ಳ ಬಿದ್ದಿತ್ತು, ಕೊನೆಕೊನೆಗೆ ನೀರಿನ ಲೋಟಕ್ಕೂ ಎರಡು ಕೈ, ಬಿಸಿಲಿಗೆ ಹಿಡಿದರೆ ಆ ಹಳ್ಳದಲ್ಲಿ ನೆರಳು ನಿಲ್ಲುತ್ತಿತ್ತು, ಈಗ ತನ್ನ ಕೈಯಲ್ಲೂ, ನೋಡಬಾರದು, ಅಮ್ಮಾ ಆಪರೇಷನ್ ಮಾಡಿಸ್ಕೋ ಅಂತಾಳೆ ಮಗಳು, ನೀನು ನಾಲ್ಕು ವಾರ ಸೂಜಿ ಮುಟ್ಟದಿದ್ರೆ ಜನ ಬೆತ್ತಲೆ ಓಡಾಡಲ್ಲ, ಓಡಾಡ್ತಾರೆ ಕಣೇ, ನಿಂಗೇನು ಗೊತ್ತು.

ಸೂಜಿ ಹೋಗುತ್ತಿದೆ, ಬರುತ್ತಿದೆ, ಎಡಗೈ ಬಟ್ಟೆ ಹಿಡಿದಿದೆಯೋ ಇಲ್ಲವೋ ಕಣ್ಣಿಟ್ಟು ನೋಡಿಯೇ ತಿಳಿಯಬೇಕು, ಒಂದು ಚೂರೂ ನೋವಿಲ್ಲ, ಕೊನೇ ಮೂಲೆ, ಗಂಟು, ಕತ್ತರಿ, ಆಯ್ತಾ ಅಕ್ಕಾ, ಆಯ್ತು ಮಾಸ್ಟರ್, ಸಂಜೆಗೆ ಇನ್ನೂ ಒಂದು ಗಂಟೆ ಇದೆ ನೋಡಿ, ಕಾಲರನ್ನು ಎತ್ತಿ ಅವರ ಕೈಗೆ ಬಿಟ್ಟಳು, ಬೀಳಲಿಲ್ಲ, ತೋರುಬೆರಳ ತುದಿಯಿಂದ ಜೋತಾಡುತ್ತಿದೆ, ಇನ್ನೂ ಬಿಟ್ಟಿಲ್ವಲ್ಲ ನೀವು ಅಂತ ಮಾಸ್ಟರ್ ಮೆಲ್ಲಗೆ ಎಳೆದರು, ಬೆರಳೂ ಜೊತೆಗೆ ಹೋಯಿತು, ನೋವಿಲ್ಲ, ಬಿಳಿ ಬಟ್ಟೆಯ ಮೇಲೆ ಒಂದು ಕೆಂಪು ಚುಕ್ಕೆ, ಎರಡು, ಮೂರು, ನೂಲು ಚರ್ಮದೊಳಗೆ ಹೋಗಿ ಬಟ್ಟೆಯೊಳಗೆ ಬಂದಿದೆ, ಚರ್ಮದೊಳಗೆ, ಬಟ್ಟೆಯೊಳಗೆ, ಒಂದಕ್ಕೊಂದು ಸಮ, ಎಷ್ಟು ಚೆಂದದ ಹೊಲಿಗೆ, ಚರ್ಮದೊಳಗೆ, ಬಟ್ಟೆಯೊಳಗೆ, ಚರ್ಮದೊಳಗೆ —