ನಾಲ್ಕಿಂಚಿನ ಪೈಪು

ಇಂದಿರಾನಗರದಿಂದ ಕೆ.ಆರ್. ಪುರದವರೆಗೆ ಯಾರದೇ ಮನೆಯ ನಲ್ಲಿಯಲ್ಲಿ ನೀರು ಬಂದರೂ ಅದರ ಹಿಂದೆ ಈ ಭಗವಂತರಾಯನ ಕೈ ಇರುತ್ತದೆ. ಕಲಬುರಗಿಯಿಂದ ಒಂದೇ ಒಂದು ಸ್ಪ್ಯಾನರ್ ಹಿಡಿದು ಬಂದ ಪ್ಲಂಬರ್ ನಾನು. ಸೋರುವ ನಲ್ಲಿ ನನ್ನನ್ನು ಕಂಡರೆ ಸಾಕು, ತಾನಾಗಿಯೇ ನಿಂತುಬಿಡುತ್ತದೆ.

ಬೈಯಪ್ಪನಹಳ್ಳಿಯ ವಠಾರದಲ್ಲಿ ನಮ್ಮದು ಕೊನೆಯ ರೂಮು. ಅಂಗಳದಲ್ಲೊಂದು ಬಾವಿ; ಮಾಲೀಕ ದೊಡ್ಡಮುನಿಯಪ್ಪನವರ ಅಪ್ಪ ತೋಡಿಸಿದ್ದು. ದೊಡ್ಡಮುನಿಯಪ್ಪನವರೂ ಈಗ ಮುದುಕರೇ; ಅವರ ಕಾಫಿಗೂ ಮಾತ್ರೆಗೂ ಅದೇ ನೀರು. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅದು ತಳ ಕಂಡಿತು. ಅವರು ಟ್ಯಾಂಕರ್ ನೀರು ಕುಡಿದು ಮುಖ ಸಿಂಡರಿಸುವುದನ್ನು ನೋಡಲಾಗದೆ ಎಲ್ಲರೆದುರು ಹೇಳಿಬಿಟ್ಟೆ: “ಯಜಮಾನ್ರ, ಮಳಿ ಬರ್ಲಿ. ಕಟ್ಟಿ ಮ್ಯಾಲ ಕುಂತು ಕೈಲೆ ನೀರು ಮೊಗೀಬೇಕು, ಹಂಗ ಮಾಡ್ತೀನಿ.”

“ನಿನ್ ಬಾಯಲ್ಲಿರೋ ನೀರೇ ಸಾಕು ಬಾವಿ ತುಂಬೋಕೆ,” ಎಂದಳು ಪಕ್ಕದ ರೂಮಿನ ಯಮುನಾ.

ತಾರಸಿಯ ಮಳೆನೀರು ಪೈಪಿನಲ್ಲಿ ಇಳಿದು, ಜಲ್ಲಿ, ಇದ್ದಿಲು ತುಂಬಿದ ಡ್ರಮ್ಮಿನಲ್ಲಿ ಸೋಸಿ ಬಾವಿಗೆ ಬೀಳುವಂತೆ ಮಾಡಿದೆ. ಮುದುಕರು ಪಕ್ಕದಲ್ಲೇ ಕೂತು ಎಚ್ಚರಿಸಿದ್ದರು: “ಸೂರಿನ ನೀರು ಮಾತ್ರ ಕಣಪ್ಪ. ಬೀದಿ ನೀರು ಬೀದಿಗೇ ಇರ್ಲಿ.”

“ನನಗ ಹೇಳ್ಬೇಕೇನ್ರೀ?”

ಎರಡು ಮಳೆಗೆ ಬಾವಿ ಒಂದಾಳುದ್ದ ಏರಿತು. ಒಳ್ಳೆಯ ಕೆಲಸವೇ. ಆದರೆ ಯಮುನಾ ಬಾವಿಗೆ ಬಗ್ಗಿ, “ರಾಯರೇ, ಕೈಯಲ್ಲಿ ಮೊಗಿಯೋಕೆ ಕೈ ಎಷ್ಟುದ್ದ ಬೇಕು?” ಎಂದಳು. ಅತ್ತ ಗೇಟಿನ ಮುಂದೆ ಮಳೆನೀರು ಕುತ್ತಿಗೆಯವರೆಗೆ, ಹೋಗಲಿ, ಮಂಡಿಯವರೆಗೆ ನಿಂತಿತ್ತು. ಒಂದು ಭಾನುವಾರ ಮುದುಕರು ಮದುವೆಗೆಂದು ಹಲಸೂರಿಗೆ ಹೋದಾಗ, ಗೇಟಿನ ಕೆಳಗೆ ಅಗೆದು, ಬೀದಿಯ ಮಳೆನೀರಿನ ಮೋರಿಯಿಂದ ನೇರ ಬಾವಿಗೆ ಪೈಪು ಕೂರಿಸಿದೆ. ಡ್ರಮ್ಮಿನಲ್ಲಿ ಸೋಸಿದರೆ ನೀರು ನಿಧಾನವೆಂದು ಡ್ರಮ್ಮನ್ನು ಬಿಟ್ಟೇ ಹಾಕಿದೆ. ಮೇಲೆ ಸಿಮೆಂಟು ಮೆತ್ತಿ, ಕೇಳಿದವರಿಗೆ ಗೇಟಿನ ರಿಪೇರಿ ಎಂದೆ.

ಮುಂದಿನ ಮಳೆಗೆ ಬೀದಿ ಒಣಗಿತು, ಬಾವಿ ಕಟ್ಟೆ ಮುಟ್ಟಿತು. ನಾನು ಕೂತು ಬೊಗಸೆಯಲ್ಲಿ ನೀರೆತ್ತಿದ ಫೋಟೋವನ್ನು ನನ್ನ ಹೆಂಡತಿ ಜಟ್ಟೆಮ್ಮ ಅರ್ಧ ಕಲಬುರಗಿಗೆ ಕಳಿಸಿದಳು. ಮುದುಕರು ಕಮರ್ಷಿಯಲ್ ಸ್ಟ್ರೀಟಿನಿಂದ ಶಾಲು ತಂದು ಹೊದಿಸಿದರು.

ಒಂಬತ್ತನೆಯ ದಿನ ಯಮುನಾಳ ಬಿಂದಿಗೆಯ ನೀರಿನ ಮೇಲೆ ನವಿಲುಗರಿಯ ಬಣ್ಣ ತೇಲಿತು. ಮೂಸಿದರೆ ಎಣ್ಣೆ.

ಎಲ್ಲರ ಕಣ್ಣು ಹೋದದ್ದು ಬೀದಿ ತುದಿಯ ಸ್ಕೂಟರ್ ಗ್ಯಾರೇಜಿನ ರಾಮುವಿನ ಮೇಲೆ. ಅಂಗಡಿ ಮುದುಕರದೇ. “ನೀನು ನೆಲಕ್ಕೆ ಸುರಿಯೋ ಎಣ್ಣೆ ಇಂಗಿ ಬಂದೈತೆ. ಈ ತಿಂಗಳಿಗೆ ಖಾಲಿ ಮಾಡು,” ಎಂದರು.

“ತಾತ, ಹನ್ನೆರಡು ವರ್ಷ ಇಂಗ್ದೇ ಇದ್ದಿದ್ದು ಈಗ ಇಂಗ್ತಾ?” ರಾಮು ನನ್ನ ಕಡೆ ತಿರುಗಿದ. “ಗುರು, ನೀನಾದ್ರೂ ಹೇಳು. ನಿಂಗೆ ನೀರಿನ ವಿಷ್ಯ ಗೊತ್ತಲ್ಲ.”

ನಲ್ಲಿಯ ವಾಷರ್ ಬಗ್ಗೆ ಮೂರು ಗಂಟೆ ಮಾತಾಡಬಲ್ಲ ನಾನು ಅಂದು ಹೇಳಿದ್ದು, “ನೋಡೋಣ.”

ತಿಂಗಳ ಕೊನೆಯಲ್ಲಿ ಅವನ ಸಾಮಾನು ಟೆಂಪೋ ಏರುತ್ತಿತ್ತು. ಕೊನೆಯ ಪೆಟ್ಟಿಗೆ ಎತ್ತುವಾಗ ತಡೆಯಲಾಗಲಿಲ್ಲ. “ಯಜಮಾನ್ರ, ಅವನ ಎಣ್ಣಿ ತಾನಾಗೇ ಬಂದಿಲ್ಲ. ಮೋರಿಯಿಂದ ಬಾವಿಗೆ ನಾನೇ ಪೈಪ್ ಹಾಕೀನಿ.”

ವಠಾರವೆಲ್ಲ ನಕ್ಕಿತು. “ಹೋದ್ಸಲ ಮಳೆ ತರ್ಸಿದ್ದೂ ನೀನೇ ಅಂದಿದ್ದೆ. ಈಗ ಎಣ್ಣೇನೂ ನಿಂದೇನಾ?” ಎಂದಳು ಯಮುನಾ. ರಾಮು ನನ್ನ ಭುಜ ತಟ್ಟಿದ. “ನನ್ನ ಉಳ್ಸೋಕೆ ಸುಳ್ಳು ಹೇಳ್ಬೇಡ ಮಗಾ.”

ಮುದುಕರು ನಗಲಿಲ್ಲ. “ಎಷ್ಟು ದಪ್ಪ ಪೈಪು?”

ಅಲ್ಲಿಯವರೆಗೆ ನನ್ನ ಬಾಯಲ್ಲಿ, ನಾನು ಹಾಕಿದ ಪೈಪುಗಳಲ್ಲೆಲ್ಲ ಆನೆಮರಿ ನುಸುಳುತ್ತಿತ್ತು.

“ನಾಲ್ಕಿಂಚು.”

“ಉದ್ದ?”

“ಹನ್ನೊಂದಡಿ. ಗೇಟಿನ ಕೆಳಗ.”

ಅವರು ನನ್ನನ್ನೇ ನೋಡಿದರು. ಆಮೇಲೆ, “ಸಾಮಾನು ಇಳಿಸೋ ರಾಮು,” ಎಂದರು.

ಅಂದೇ ಪೈಪು ಕಿತ್ತೆ. ಮೂರು ಸಲ ಬಾವಿ ಬತ್ತಿಸಿ, ಒಳಗಿಳಿದು ಕಲ್ಲು ಕಲ್ಲೂ ಉಜ್ಜಿದೆ. ಎರಡು ದಿನ ತಿಳಿಯಾಗಿರುತ್ತಿತ್ತು. ಮೂರನೆಯ ದಿನ ಮತ್ತದೇ ಬಣ್ಣ. ಕೊನೆಗೆ ಮುದುಕರು ತಾವೇ ರಾಟೆಯ ಹಗ್ಗ ಬಿಚ್ಚಿ, ಚಪ್ಪಡಿ ಮುಚ್ಚಿಸಿದರು.

ಶಾಲು ಮಡಚಿ ವಾಪಸು ಕೊಡಲು ಹೋದೆ. ಕ್ಯಾನ್ ನೀರಿನ ಕಾಫಿ ಕುಡಿಯುತ್ತ ಮುಖ ಸಿಂಡರಿಸಿಕೊಂಡು ಕೂತಿದ್ದರು.

“ಇಟ್ಕೊಳಪ್ಪ,” ಎಂದರು. “ಸೂರಿನ ನೀರು ತುಂಬಿಸಿದ್ದು ನೀನೇ ಅಲ್ವಾ.”