ಅಕ್ಕ ಬ್ಲಾಕ್ ಮಾಡಿದ ದೇಶ

ಮುದುಕನಿಗೆ ಅರಳುಮರಳು, ಅರ್ಧ ಮರೆತು ಅರ್ಧ ಕಟ್ಟಿ ಹೇಳುತ್ತಾನೆ ಎಂದು ಗುಸುಗುಸು ಮಾಡುವವರು ಮೊದಲು ಬಾಯಿಗೆ ಬೀಗ ಹಾಕಿಕೊಳ್ಳಿ. ದರ್ಜಿಯಕ್ಕನ ಕಥೆ ನನಗೆ ಎಳೆ ಎಳೆಯಾಗಿ ನೆನಪಿದೆ.

ಆಕೆ ಹೊಲಿಗೆಯ ಬಗ್ಗೆ ಒಂದು ಬ್ಲಾಗ್ ಬರೆಯುತ್ತಿದ್ದಳು. ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ ಅವಳ ತಮ್ಮ ಅದರ ಖಾಯಂ ಓದುಗ. ನಡುಗಡಲಲ್ಲಿ ಫೋನ್ ಹತ್ತದು. ಈಮೇಲ್ ತೆರೆದು ನೋಡುವ ಜಾಯಮಾನ ಅವನದಲ್ಲ. ಕುಂಟುವ ನೆಟ್‌ನಲ್ಲೂ ಬರೀ ಅಕ್ಷರದ ಬ್ಲಾಗ್ ಹೇಗೋ ತೆರೆದುಕೊಳ್ಳುತ್ತಿತ್ತು. ದಿನಾ ಅದರ ಕೆಳಗೆ ಒಂದು ಕೀಟಲೆ ಬರೆಯುತ್ತಿದ್ದ. ಅದು ಬಂದರೆ ತಮ್ಮ ಕ್ಷೇಮ ಎಂದು ಅಕ್ಕನಿಗೆ ನೆಮ್ಮದಿ.

ಇದ್ದಕ್ಕಿದ್ದಂತೆ ಬ್ಲಾಗಿಗೆ ಜನ ಮುಗಿಬಿದ್ದರು.

“ಏನೇ, ಲೋಕವೆಲ್ಲ ಕೆಲಸ ಬಿಟ್ಟು ನಿನ್ನ ಕಾಜಾ ಹೊಲಿಯೋ ಪಾಠ ಓದ್ತಿದ್ಯಾ?” ಎಂದ ಗಂಡ.

“ನಿಮಗೆ ಹೊಟ್ಟೆಕಿಚ್ಚು ಬಿಡ್ರೀ!”

ಆ ಹಿಗ್ಗು ಉಳಿಯಲಿಲ್ಲ. ಬರುತ್ತಿದ್ದವರು ಮನುಷ್ಯರೇ ಅಲ್ಲ, ಬಾಟ್‌ಗಳು. ಒಂದೇ ಪುಟವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ಸಲ ತೆರೆಯುವ ಯಂತ್ರಗಳು. ಎಲ್ಲವೂ ಒಂದೇ ದೂರದೇಶದಿಂದ. ಬ್ಲಾಗಿಗೆ ಜಾಗ ಕೊಟ್ಟಿದ್ದ ಕಂಪನಿ, ಹೀಗೇ ಆದರೆ ಮುಚ್ಚಿಬಿಡುತ್ತೇವೆ ಎಂದಿತು. ಅಕ್ಕ ಹಿಂದೆಮುಂದೆ ನೋಡದೆ ಆ ಇಡೀ ದೇಶವನ್ನೇ ಬ್ಲಾಕ್ ಮಾಡಿದಳು. ಕಾಟ ತಪ್ಪಿತು.

ತಮ್ಮನ ಕೀಟಲೆಯೂ ನಿಂತಿತು.

ಒಂದು ದಿನ ನೆಟ್ ಇಲ್ಲವೇನೋ ಎಂದುಕೊಂಡಳು. ಮರುದಿನವೂ ಇಲ್ಲ. ತಮ್ಮನ ಹಡಗಿದ್ದ ಕಡಲಲ್ಲಿ ಬಿರುಗಾಳಿ ಎಂದು ಟೀವಿಯವರು ಹೇಳಿದರು. ಅಂಗಿಗೆ ತೋಳನ್ನು ತಿರುಗಾಮುರುಗಾ ಹೊಲಿದಳು, ಬಿಚ್ಚಿದಳು, ಮತ್ತೆ ಹಾಗೇ ಹೊಲಿದಳು. ಕೊನೆಗೆ ಹಡಗಿನ ಕಚೇರಿಗೆ ಫೋನ್ ಹಚ್ಚಿದಳು.

“ಹಡಗಿಗೇನೂ ಆಗಿಲ್ಲಮ್ಮಾ,” ಎಂದ ಗುಮಾಸ್ತ.

“ಹಡಗು ಕಟ್ಕೊಂಡು ನಂಗೇನಪ್ಪಾ? ಅದರೊಳಗಿರೋ ನನ್ನ ತಮ್ಮ?”

“ಒಬ್ಬೊಬ್ಬರ ವಿಷಯ ಇಲ್ಲಿ ಗೊತ್ತಾಗಲ್ಲ. ನೆಟ್ ಅಂತೂ ಇದೆ.” ಅದು ಉಪಗ್ರಹದಿಂದ ಯಾವ ದೇಶಕ್ಕೆ ಇಳಿದು ಬರುತ್ತದೆ ಎಂದೂ ಹೇಳಿದ. ಹಡಗಿನಿಂದ ಏನೇ ತೆರೆದರೂ ಆ ದೇಶದಿಂದಲೇ ತೆರೆದ ಹಾಗೆ ಕಾಣುತ್ತದಂತೆ.

ಹೆಸರು ಕೇಳಿ ಅಕ್ಕ ಹೌಹಾರಿದಳು. ತಾನು ಬ್ಲಾಕ್ ಮಾಡಿದ ದೇಶವೇ! ಆದರೂ ಅನುಮಾನ ಕಾಡಿತು: ತಮ್ಮ ಬ್ಲಾಗಿಗೆ ಬರಲಾಗದೆ ನಿಂತನೋ, ಜೀವಂತವೇ ಇಲ್ಲವೋ?

“ಆ ಬ್ಲಾಕ್ ತೆಗೆದ್ರೆ ಬ್ಲಾಗೇ ಹೋಗತ್ತೆ ಕಣೇ,” ಎಂದ ಗಂಡ.

“ಹೋಗ್ಲಿ ಬಿಡ್ರೀ. ಹೋಗೋದ್ರೊಳಗೆ ಅವನೊಂದ್ಸಲ ಬಂದ್ರೆ ಸಾಕು.”

ಬ್ಲಾಕ್ ತೆಗೆದಳು. ಬಾಟ್‌ಗಳು ಇರುವೆಯಂತೆ ಮುತ್ತಿದವು, ಬ್ಲಾಗ್ ತೆವಳತೊಡಗಿತು. ಉಗುರು ಕಚ್ಚುತ್ತ ಅಕ್ಕ ಕುಳಿತೇ ಇದ್ದಳು. ಕಂಪನಿಯಿಂದ ಕೊನೆಯ ನೋಟೀಸು ಬಂತು. ಅದರ ಬೆನ್ನಿಗೇ ಪುಟದ ಕೆಳಗೆ ಅಕ್ಷರಗಳು ಮೂಡಿದವು:

“ಅಕ್ಕಾ, ‘ನಿಮಗೆ ಪ್ರವೇಶವಿಲ್ಲ’ ಅಂತ ಬರ್ತಿತ್ತು. ನನ್ನ ಕೀಟಲೆ ಜಾಸ್ತಿಯಾಗಿ ನೀನೇ ಆಚೆ ಹಾಕ್ದೆ ಅಂದ್ಕೊಂಡು, ಈರುಳ್ಳಿ ಹೆಚ್ಚದೇನೇ ಅತ್ತೆ ಕಣೇ. ಮಾತಾಡೇ.”

“ನಿನ್ನನ್ನಲ್ವೋ ಕತ್ತೆ, ಕಳ್ಳ ಬಾಟ್‌ಗಳನ್ನ! ಇನ್ಮೇಲೆ ಈಮೇಲ್ ನೋಡೋ.” ಅಕ್ಕ ಒಂದೇ ಉಸಿರಿಗೆ ಟೈಪ್ ಮಾಡಿದಳು. ಬ್ಲಾಗ್ ಮುಚ್ಚುವ ಮೊದಲೇ ಅದು ಅವನಿಗೆ ಮುಟ್ಟಿತು.

ಬ್ಲಾಗ್ ಬರೆಯುವವರು ನಿಮ್ಮ ಪೈಕಿ ಯಾರಿದ್ದರೂ ಅವರಿಗೆ ಈ ಕಥೆ ದಾಟಿಸಿ. ತಮ್ಮ ಅತ್ತದ್ದನ್ನು ಮಾತ್ರ ಹಡಗಿನವರ ಕಿವಿಗೆ ಹಾಕಬೇಡಿ. ಅವನು ಮಾಡುವ ಸಾರಿಗೇ ಅವರು ಸಾಕಷ್ಟು ನಗುತ್ತಾರಂತೆ.