ಸೋಸಿದ ಬಾದಾಮಿ ಹಾಲು

ರಾಜಾಜಿನಗರದ ಹೊಸ ಬಡಾವಣೆಯಲ್ಲಿದ್ದ ಅನಂತಲಕ್ಷ್ಮಿಯವರ ಮೊಮ್ಮಗನಿಗೆ ಹಸುವಿನ ಹಾಲು ಕುಡಿಸಿದರೆ ಭೇದಿಯಾಗುತ್ತಿತ್ತು. ಸೊಸೆ ಅಲಮೇಲುವಿಗೆ ಎದೆಹಾಲು ಬತ್ತಿತ್ತು. ಹಾಗಾಗಿ ಅವರು ನೆನೆಸಿದ ಬಾದಾಮಿಯನ್ನು ಕಲ್ಲಿನ ಮೇಲೆ ತೇಯ್ದು, ನೀರು ಬೆರೆಸಿ, ಮಗುವಿಗೆ ಭಾರವಾದೀತೆಂದು ತೆಳುಬಟ್ಟೆಯಲ್ಲಿ ಸೋಸಿ, ಬರೀ ಅದನ್ನೇ ಕುಡಿಸುತ್ತ ಬಂದರು. ಭೇದಿ ನಿಂತಿತು. ಮಗುವಿನ ಕಾಲು ದಪ್ಪಗಾದಾಗ, "ನೋಡೇ ಅಲಮೇಲು, ನನ್ನ ರಾಜ ಮೈ ತುಂಬಿಕೊಳ್ತಾ ಇದಾನೆ" ಎಂದು ಹಿಗ್ಗಿದರು.

ಮಗು ಅಳುವುದನ್ನೂ ಬಿಟ್ಟಾಗ ಡಾಕ್ಟರನ್ನು ಕರೆಸಿದರು. ಅವರು ಆ ಕಾಲನ್ನು ಬೆರಳಿನಿಂದ ಒತ್ತಿದರು. ಬಿದ್ದ ಗುಳಿ ಹಾಗೇ ಉಳಿಯಿತು.

"ಇದು ಊತ ತಾಯಿ, ಪುಷ್ಟಿ ಅಲ್ಲ."

"ಬರೀ ಸೋಸಿದ ಬಾದಾಮಿ ಹಾಲೇ ಕುಡಿಸ್ತಿದ್ದೆ. ಬಾದಾಮೀಲಿ ಸತ್ವ ಇಲ್ವೇ ಡಾಕ್ಟರೇ?" ಎಂದರು ಅನಂತಲಕ್ಷ್ಮಿ.

"ಇದೆ. ಒಳ್ಳೇ ಎಣ್ಣೆ ಇದೆ, ಹೊಟ್ಟೆಗೂ ಹಗುರ. ದೊಡ್ಡೋರು ಊಟದ ಜೊತೆ ಕುಡೀಲಿ. ಆದ್ರೆ ಮೈ ಬೆಳೆಸೋ ಸತ್ವ ಬಹಳಷ್ಟು ನೀವು ಎಸೆದ ಚರಟದಲ್ಲೇ ಹೋಯ್ತು. ಮೂಳೆಗೆ ಬೇಕಾದ ಸುಣ್ಣದಂಶವೂ ಹಸುವಿನ ಹಾಲಿನಷ್ಟಿಲ್ಲ. ಕೂಸಿಗೆ ಇದೊಂದೇ ಸಾಲದು."

"ಈಗ ಹಸುವಿನ ಹಾಲು ಕೊಟ್ರೆ?"

"ನೀರು ಬೆರೆಸಿ, ಚಮಚದಲ್ಲಿ ಕೊಟ್ಟು ನೋಡಿ," ಎಂದ ಡಾಕ್ಟರು ಮಗುವಿನ ಮುಖದಿಂದ ದೃಷ್ಟಿ ತೆಗೆದರು.

ಅಲಮೇಲು ಚಮಚವನ್ನು ತುಟಿಗಿಟ್ಟಳು. ಹಾಲು ಕಟವಾಯಿಂದ ಕತ್ತಿಗಿಳಿಯಿತು. ಅನಂತಲಕ್ಷ್ಮಿ ಅದನ್ನು ಸೆರಗಿನಿಂದ ಒರೆಸಿದರು. ಸೊಸೆ ಮತ್ತೊಂದು ಚಮಚ ತುಂಬಿದಳು. ಅದೂ ಇಳಿದುಹೋಯಿತು.